ನಲವತ್ತೊಂದನೆಯ ಪುಟದ ಮೂರನೆಯ ಸಾಲು

ಸೇಡಗಟ್ಟಿ,
ಮೊಹರಿನ ನೂರಾ ಅರವತ್ತೆಂಟನೆಯ ವರ್ಷ, ಎರಡನೆಯ ಜ್ಯೇಷ್ಠದ ಮೂವತ್ತೆಂಟನೆಯ ದಿನ.

ಅರ್ಪಿತಾ ಆಯಿಗೆ, ನಿಮ್ಮಿಂದ ಐದನೆಯ ತಲೆಮಾರಿನ ರೇವಣಪ್ಪನ ಶರಣು.

ಮೇಲಿನ ತಾರೀಖು ಓದಿ ನಿಮಗೆ ಗಲಿಬಿಲಿಯಾಗಬಹುದು. ನಿಮ್ಮ ಕಾಲದಲ್ಲಿ ಯಾವ ತಿಂಗಳಿಗೂ ಮೂವತ್ತೆಂಟು ದಿನ ಇರಲಿಲ್ಲವಂತೆ. ಬೇಸಿಗೆ ಉದ್ದವಾಗುತ್ತ ಹೋದ ಮೇಲೆ, ಮಳೆಯೇ ಬಾರದ ತಿಂಗಳನ್ನು ಆಷಾಢ ಎಂದು ಕರೆಯಲು ಜನರಿಗೆ ಬಾಯಿ ಬರಲಿಲ್ಲ. ಆಗ ಪಂಚಾಂಗದವರು ಜ್ಯೇಷ್ಠವನ್ನೇ ಎರಡು ಮಾಡಿ, ಎರಡನೆಯದನ್ನು ಮೊದಲ ಮೋಡ ಕಾಣುವವರೆಗೆ ಎಳೆಯುವ ಪದ್ಧತಿ ಹಾಕಿಕೊಟ್ಟರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇಪ್ಪತ್ತೇಳು ವರ್ಷದ ನಿಮ್ಮನ್ನು ನಲವತ್ತೈದು ವರ್ಷದ ನಾನು ಆಯಿ ಎನ್ನುತ್ತಿರುವುದಕ್ಕೂ ಕ್ಷಮೆ ಇರಲಿ. ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಈ ಕಾಗದ ಬಂದಿರುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ. ಅದರ ಯಂತ್ರ ಕಲಬುರಗಿಯಲ್ಲಿದೆ. ಒಂದು ಮನೆತನಕ್ಕೆ ಒಂದೇ ಕಾಗದ, ಅದೂ ತಮ್ಮ ರಕ್ತಸಂಬಂಧದ ಹಿರಿಯರಿಗೆ ಮಾತ್ರ, ಕೈಬರಹದಲ್ಲಿ. ಅದು ತಲುಪುತ್ತದೆಯೇ ಎಂದು ಅಲ್ಲಿಯ ಕಾರಕೂನನನ್ನು ಕೇಳಿದೆ. ತಲುಪಿದ ಕಾಗದವನ್ನು ಬರೆದವರಿಗೆ ತಾವು ಬರೆದದ್ದೇ ನೆನಪಿರುವುದಿಲ್ಲ, ಹಾಗಾಗಿ ಇದುವರೆಗೆ ಯಾರೂ ಬಂದು ಹೇಳಿಲ್ಲ ಎಂದ.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಫರಸಿ ಕಲ್ಲಿಗೆ ಹೊಳಪು ಕೊಡುವುದು ಕೆಲಸ. ಹನ್ನೆರಡು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಹೆಚ್ಚಾಗಿ ಎಷ್ಟು ಕಲ್ಲು ಹೋಯಿತು, ಮನೆಯಲ್ಲಿ ಯಾರಿಗೆ ನೆಗಡಿ ಬಂತು, ಇಂಥವೇ. ಕಳೆದ ವರ್ಷದ ಇದೇ ತಿಂಗಳ ಹತ್ತೊಂಬತ್ತರಿಂದ ಇಪ್ಪತ್ತೆರಡರವರೆಗೆ ಪುಟಗಳು ಖಾಲಿ ಇವೆ. ಆ ನಾಲ್ಕು ದಿನಗಳಲ್ಲಿ ನನ್ನ ಮಗಳು ನೀಲು ತೀರಿಕೊಂಡಳು. ಅವಳಿಗೆ ಒಂಬತ್ತು ವರ್ಷ. ಅವಳ ಸಾವು ಬಂದದ್ದು ನಿಮ್ಮ ಕಚೇರಿಯ ಒಂದು ಪುಟದಿಂದ. ನನ್ನ ಲೆಕ್ಕ ಸರಿಯಿದ್ದರೆ, ಈ ಕಾಗದ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ಪುಟ ನಿಮ್ಮ ಮೇಜಿನ ಮೇಲೆಯೇ ಇರುತ್ತದೆ, ಅದಕ್ಕೆ ಸಹಿ ಬಿದ್ದಿರುವುದಿಲ್ಲ. ಅದಕ್ಕಾಗಿಯೇ ನಮ್ಮ ಮನೆತನದ ಒಂದೇ ಒಂದು ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಸೇಡಗಟ್ಟಿ ಈಗ ಹೇಗಿದೆ ಎಂದು ಮೊದಲು ಹೇಳುತ್ತೇನೆ. ನೀವು ಹುಟ್ಟಿದ ಊರು, ಕೇಳುವ ಆಸೆ ಇರುತ್ತದೆ. ನಿಮ್ಮ ಕಾಲದಲ್ಲಿ ಜನ ನೆಲದ ಮೇಲೆ ಮನೆ ಕಟ್ಟಿ, ಕೆಳಗೆ ಗಣಿ ತೋಡಿ ಫರಸಿ ತೆಗೆಯುತ್ತಿದ್ದರು. ನಾವು ಆ ಹಳೆಯ ಗಣಿಗಳಲ್ಲೇ ಇಳಿದು ವಾಸವಾಗಿದ್ದೇವೆ. ಗೋಡೆಯಲ್ಲಿ ಕಲ್ಲಿನ ಪದರಗಳು ಜೋಡಿಸಿಟ್ಟ ರೊಟ್ಟಿಯ ಹಾಗೆ ಕಾಣುತ್ತವೆ. ಮೇಲೆ ಫರಸಿಯ ಚಾವಣಿ, ಅದಕ್ಕೆ ಸುಣ್ಣ. ಮುಂಜಾನೆ ಎಂಟರಿಂದ ಸಂಜೆ ಐದರವರೆಗೆ ಯಾರೂ ಮೇಲೆ ಹತ್ತುವುದಿಲ್ಲ. ಆ ಹೊತ್ತಿಗೆ ನೆರಳುಗಾಲ ಎನ್ನುತ್ತೇವೆ. ಎಲ್ಲರ ಹೆಗಲ ಮೇಲೂ ಬೆವರುಬಟ್ಟೆ ಇರುತ್ತದೆ. ಅದನ್ನು ದಿನಕ್ಕೆರಡು ಸಲ ಓಣಿಯ ಹಿಂಡುಗಾಣಕ್ಕೆ ಕೊಟ್ಟರೆ ಅದರ ನೀರು ಸೋಸಿ ಗಿಡಕ್ಕೆ ಹೋಗುತ್ತದೆ. ಕುಡಿಯುವ ನೀರನ್ನು ಗುಟುಕಿನಲ್ಲಿ ಅಳೆಯುತ್ತೇವೆ. ದೊಡ್ಡವರಿಗೆ ದಿನಕ್ಕೆ ನಲವತ್ತು ಗುಟುಕು, ಮಕ್ಕಳಿಗೆ ಮೂವತ್ತು. ಜೋಳದ ರೊಟ್ಟಿ ಇದೆ, ಪುಂಡಿಪಲ್ಲೆ ಇದೆ. ಮಕ್ಕಳು ಮಳೆಯಾಟ ಆಡುತ್ತಾರೆ. ಒಬ್ಬರು ತಗಡಿನ ಮೇಲೆ ಸಣ್ಣ ಜಲ್ಲಿ ಸುರಿಯಬೇಕು, ಉಳಿದವರು ಕಣ್ಣು ಮುಚ್ಚಿ ಕೂತು ಮಳೆ ಜೋರಾಯಿತೋ ಸಣ್ಣಗಾಯಿತೋ ಹೇಳಬೇಕು. ನೀಲು ಜಲ್ಲಿ ಸುರಿಯುವುದರಲ್ಲಿ ಗಟ್ಟಿಗಿತ್ತಿ. ಅವಳು ನಿಲ್ಲಿಸಿದರೆ ಉಳಿದವರು ಸಿಟ್ಟಾಗುತ್ತಿದ್ದರು.

ನಮ್ಮ ಕಾಲ ಕೆಳಗೆ, ಕಲ್ಲಿನ ಪದರಗಳ ನಡುವೆ, ಈಗಲೂ ನೀರಿದೆ. ಕಿವಿ ಹಚ್ಚಿ ಮಲಗಿದರೆ ಕೇಳಿಸುತ್ತದೆ. ಆದರೆ ಅದು ನಮ್ಮದಲ್ಲ. ನೂರಾ ಅರವತ್ತೆಂಟು ವರ್ಷದ ಹಿಂದೆ, ಸೇಡಗಟ್ಟಿಯ ಸುತ್ತ ಐವತ್ತು ಮೈಲಿಯ ಒಳನೀರನ್ನು ಸಮುದ್ರದಂಡೆಯ ಒಂದು ಕಂಪನಿಗೆ ಮಾರಿ, ಬಾವಿಗಳಿಗೆಲ್ಲ ಮೊಹರು ಹಾಕಿದರು. ನಮ್ಮ ವರ್ಷಗಳ ಎಣಿಕೆ ಶುರುವಾದದ್ದು ಆ ದಿನದಿಂದ. ಕೊಳವೆಗಳನ್ನು ಕಾಯುವ ಕಚೇರಿಗೆ ಮೊಹರುಕಟ್ಟೆ ಎಂದು ಹೆಸರು. ಆ ಮಾರಾಟವನ್ನು ಕುದುರಿಸಿದ್ದು ನೀವು ಕೆಲಸ ಮಾಡುವ ಬ್ಯಾಂಕು, ವೆಸ್ಟರ್‌ಹೋಮ್ ಅಂಡ್ ಪೈಕ್.

ಕಾನೂನು ಅಷ್ಟು ಕೆಟ್ಟದ್ದೇನಲ್ಲ. ಒಳನೀರು ಯಾರದೇ ಆಗಿರಲಿ, ಮಾರಾಟದ ಪ್ರದೇಶದಲ್ಲಿ ಒಬ್ಬನೇ ಒಬ್ಬ ಕಾಯಂ ನಿವಾಸಿ ಇದ್ದರೂ ಆ ಊರಿನ ಕುಡಿಯುವ ನೀರನ್ನು ಯಾವ ವ್ಯಾಜ್ಯಕ್ಕೂ ನಿಲ್ಲಿಸುವಂತಿಲ್ಲ ಎಂದು ಮೊದಲಿನಿಂದ ಇದೆ. ಆದರೆ ಮಾರಾಟದ ಕಾಗದದಲ್ಲಿ ಸೇಡಗಟ್ಟಿಯಲ್ಲಿ ಕಾಯಂ ನಿವಾಸಿಗಳು ಯಾರೂ ಇಲ್ಲ. ಇಲ್ಲಿ ಹನ್ನೊಂದು ಸಾವಿರ ಜನ ಇದ್ದೇವೆ. ಕಾಗದದಲ್ಲಿ ಇರುವುದು ಒಂದು ಕಲ್ಲಿನ ಕಾರ್ಖಾನೆ. ನಮಗೆ ಬರುವುದು ಕೆಲಸದ ನೀರು, ಅಂದರೆ ಕಲ್ಲು ಉಜ್ಜಲು ಕೊಟ್ಟದ್ದು. ಕಲ್ಲಿನ ಪಾಲಿನಲ್ಲಿ ಮೊದಲು ನಾವು ಕುಡಿದು, ಉಳಿದದ್ದರಲ್ಲಿ ಕಲ್ಲು ಉಜ್ಜುತ್ತೇವೆ. ನಮ್ಮ ಶಾಲೆ ಕಾಗದದಲ್ಲಿ ಗೋದಾಮು. ಅಲ್ಲಿ ಕಲಿಸುವ ಜಗದೇವಿ ಅಕ್ಕೋರು ಪ್ರತಿ ವರ್ಷ ಹೊಸ ಮಕ್ಕಳ ತಾಯಂದಿರಿಗೆ ಹೇಳುವುದು ಒಂದೇ ಮಾತು: "ನಾ ಗೋದಾಮಿನ ಕಾವಲಗಾರ್ತಿ ಇದೀನ್ರವ್ವಾ. ನಿಮ್ಮ ಮಕ್ಕಳು ಚೀಲ. ಹರೀದಂಗ ನೋಡ್ಕೋತೀನಿ, ತಗೋರಿ."

ನಾವೆಲ್ಲ ನಗುತ್ತಿದ್ದೆವು. ಬಹಳ ವರ್ಷ ಅದು ನಮಗೆ ನಗುವ ವಿಷಯವೇ ಆಗಿತ್ತು.

ಕಳೆದ ವರ್ಷ ಎರಡನೆಯ ಜ್ಯೇಷ್ಠದಲ್ಲಿ, ನಮ್ಮ ನೀರಿನ ಹಕ್ಕುಪತ್ರ ಹಿಡಿದ ಇಬ್ಬರು ದೂರದೇಶದವರು ತಮ್ಮೊಳಗೆ ಜಗಳ ತೆಗೆದರು. ಅವರ ಹೆಸರೂ ನಮಗೆ ಗೊತ್ತಿಲ್ಲ. ವ್ಯಾಜ್ಯ ಮುಗಿಯುವವರೆಗೆ ಕಾರ್ಖಾನೆಗಳ ನೀರು ಬಂದ್ ಎಂದು ಆದೇಶ ಬಂತು. ಮನೆಯ ಹರಿವಿಗಳಲ್ಲಿ ತುಂಬಿಟ್ಟ ನೀರು ಐದು ದಿನ ಬಂತು. ಆರನೆಯ ದಿನ ನಾನು ಮೊಹರುಕಟ್ಟೆಗೆ ಹೋದೆ. ಕಿಟಕಿಯಲ್ಲಿ ಬಸಂತರಾಯ ಕೂತಿದ್ದ. ಅವನು ಚಿತ್ತಾಪುರದ ಕಡೆಯವನು, ಒಳ್ಳೆಯ ಮನುಷ್ಯ, ನನಗೆ ಪರಿಚಯ.

"ಸಾಹೇಬ್ರ, ಕುಡೀಲಿಕ್ಕರೆ ಒಂದೀಟು ಬಿಡ್ರಿ," ಎಂದೆ.

"ರೇವಣ್ಣ, ಕುಡಿಯೋ ನೀರು ಜನ ಇದ್ದಲ್ಲಿಗಿ ಅದ. ಸೇಡಗಟ್ಟ್ಯಾಗ ಕಾಗದದ ಪ್ರಕಾರ ಯಾರೂ ಇಲ್ಲಪಾ."

"ಹಂಗಾದ್ರ ನಿಮ್ಮ ಮುಂದ ನಿಂತಾಂವ ಯಾರ್ರಿ?"

"ನಿನ್ನ ಗುರ್ತು ಇಲ್ಲೇನು ನನಗ? ನಮ್ಮ ಅಂಗಳಕ್ಕ ಫರಸಿ ಹಾಕಿದಾಂವ ನೀನೇ. ನನ್ನ ಮಗಳ ಮದಿವ್ಯಾಗ ಉಂಡ್ಹೋಗಿದಿ. ಆದ್ರ ನಾ ಏನ್ ಮಾಡ್ಲಿ, ಕಾಗದದಾಗ ನೀ ಇಲ್ಲ."

ತನ್ನ ತಂಬಿಗೆಯಿಂದ ಎಂಟು ಗುಟುಕು ಅಳೆದು ನನ್ನ ಶೀಸೆಗೆ ಹಾಕಿದ. ನಾನು ಅದನ್ನು ಹಿಡಿದುಕೊಂಡು ಮನೆಗೆ ಬರುವುದರೊಳಗೆ ನೀಲು ಕೆಸರುತೊಟ್ಟಿಯ ನೀರು ಕುಡಿದಿದ್ದಳು. ಕೆಸರುತೊಟ್ಟಿ ಎಂದರೆ ಹೊಳಪುಯಂತ್ರದಿಂದ ಹರಿದು ಬಂದ ನೀರು ನಿಲ್ಲುವ ತೊಟ್ಟಿ. ಮೇಲೆ ತಿಳಿಯಾಗಿ ಕಾಣುತ್ತದೆ. ಅದರಲ್ಲಿ ಕಲ್ಲಿನ ಹಿಟ್ಟು ಇರುತ್ತದೆ, ಹೊಳಪಿಗೆ ಹಾಕುವ ಆಮ್ಲ ಇರುತ್ತದೆ. ಮುಟ್ಟಬಾರದು ಎಂದು ಅವಳಿಗೆ ಗೊತ್ತಿತ್ತು. "ಸ್ವಲ್ಪೇ ಕುಡದೀನಿ ಅಪ್ಪಾ, ಬೈಬ್ಯಾಡ," ಎಂದಳು. ನಾನು ಬೈದೆ. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು.

ಇನ್ನು ಜಗಲಿಯ ವಿಷಯ ಹೇಳಬೇಕು. ನಮ್ಮ ದೇವರ ಜಗಲಿಯ ಮೇಲೆ ಲಿಂಗದ ಬಲಕ್ಕೆ ಒಂದು ಪಾರದರ್ಶಕ ಕಲ್ಲು ಇತ್ತು. ಅಂಗೈಯಷ್ಟು ಅಗಲ, ನಾಲ್ಕು ಮೂಲೆ, ಒಳಗೆ ನೀಲಿ ನೀರು, ಮುಖದ ಮೇಲೆ ಹಳೆಯ ಇಂಗ್ಲಿಷ್ ಅಕ್ಷರಗಳು. ಅರ್ಪಿತಾ ಆಯಿ ಬೆಂಗಳೂರಿನಿಂದ ಬರುವಾಗ ನಮ್ಮೂರಿನ ನೀರನ್ನು ಕಲ್ಲಿನೊಳಗೆ ಕಾಪಾಡಿ ತಂದಳು, ಇದು ಇರುವವರೆಗೆ ಮನೆಯಲ್ಲಿ ನೀರು ತೀರುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ, ಅವರಪ್ಪ ಅವನಿಗೆ ಹೇಳಿದ್ದ. ಅದಕ್ಕೆ ನೀರುಗಲ್ಲು ಎನ್ನುತ್ತಿದ್ದೆವು. ಪ್ರತಿ ಅಮಾವಾಸ್ಯೆ ನಾನೇ ಅದನ್ನು ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸುತ್ತಿದ್ದೆ. ಅದರ ಪಕ್ಕದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ. ಅದೂ ನಿಮ್ಮದೇ, ಯಾವುದೋ ಪುರಾಣ ಎಂದುಕೊಂಡಿದ್ದೆವು. ನೀಲು ಮಾತ್ರ ಆ ಕಲ್ಲನ್ನು ಬೈಯುತ್ತಿದ್ದಳು. "ಅಪ್ಪಾ, ಈ ದೇವರು ಭಾಳ ಜಿಪುಣದ. ಅಷ್ಟು ನೀರು ಒಳಗಿಟಗೊಂಡು ಸುಮ್ಮ ಕುಂತದ ನೋಡು."

ಜ್ವರ ಏರಿದ ಎರಡನೆಯ ದಿನ ಅವಳು ಅದರ ಕಡೆಗೇ ನೋಡುತ್ತ ಮಲಗಿದ್ದಳು. ಒಂದು ಸಲ ಕೈ ಮಾಡಿ ತೋರಿಸಿದಳು. ದೇವರದನ್ನು ಒಡೆಯಬಾರದು ಎಂದು ನಾನು ಸುಮ್ಮನಿದ್ದೆ.

ಅವಳು ತೀರಿಕೊಂಡ ಮೂರನೆಯ ದಿನದ ವಿಧಿಗೆ, ಅವಳನ್ನು ಹೂಳಿದ ಗದ್ದುಗೆಯ ಹತ್ತಿರ ಹೋಗುವಾಗ ಉಳಿ, ಸುತ್ತಿಗೆ ಮತ್ತು ಆ ಕಲ್ಲನ್ನು ತೆಗೆದುಕೊಂಡು ಹೋದೆ. ಬದುಕಿದ್ದಾಗ ಕೊಡದ ನೀರನ್ನು ಅಲ್ಲಾದರೂ ಹನಿಸೋಣ ಎಂದು. ಅದು ಕಲ್ಲಿನ ಹಾಗೆ ಸೀಳಲಿಲ್ಲ, ಚೂರು ಚೂರಾಗಿ ಮುರಿಯಿತು, ಪ್ಲಾಸ್ಟಿಕ್ಕಿನ ಜಾತಿಯದು. ಒಳಗಿನದು ಮಣ್ಣಿನ ಮೇಲೆ ಬಿತ್ತು. ಮಣ್ಣು ಅದನ್ನು ಕುಡಿಯಲಿಲ್ಲ. ಹಾಗೇ ಗುಂಡಗೆ ಹೊಳೆಯುತ್ತ ನಿಂತಿತು. ನನ್ನ ಹೆಂಡತಿ ಶಿವಲೀಲಾ ಬೆರಳಿಗೆ ಹಚ್ಚಿ ಮೂಸಿ ನೋಡಿದಳು. ಎಣ್ಣೆ. ಬಣ್ಣ ಹಾಕಿದ ಯಂತ್ರದ ಎಣ್ಣೆ.

"ಇಷ್ಟು ವರ್ಷ ನಾವು ಏನಕ್ಕ ಕೈ ಮುಗದೀವಿ?" ಎಂದಳು. ನಾನು ನನ್ನ ಅಂಗಿಯಿಂದ ಮಗಳ ಮಣ್ಣನ್ನು ಒರೆಸಿದೆ. ಈಗಲೂ ಅಮಾವಾಸ್ಯೆಯ ದಿನ ಬೆರಳಿನಿಂದ ಆ ವಾಸನೆ ಬಂದಂತಾಗುತ್ತದೆ.

ಕಲ್ಲಿಗೆ ಒಂದು ಮರದ ಪೀಠವಿತ್ತು. ಅದರ ತಳದ ಹಸಿರು ಬಟ್ಟೆ ಕಿತ್ತು ಬಂದಾಗ ಒಳಗೆ ಮಡಿಸಿಟ್ಟ ಒಂದು ಹಾಳೆ ಸಿಕ್ಕಿತು. ಅಚ್ಚಾದದ್ದು ಇಂಗ್ಲಿಷ್, ಪುಟದ ಸಂಖ್ಯೆ ನಲವತ್ತೊಂದು, ಮೂರನೆಯ ಸಾಲಿಗೆ ಪೆನ್ಸಿಲಿನ ಸುತ್ತು, ಅಂಚಿನಲ್ಲಿ ಕನ್ನಡದಲ್ಲಿ ನಿಮ್ಮ ಕೈಬರಹ. ಅದನ್ನು ನಾನೇ ಓದಿಕೊಂಡೆ: "ಇದು ಹಳೆಯ ಮರುಭೂಮಿ ಕೆಲಸದ ಸಾಲು, ಹಾಗೇ ಉಳಿದಿದೆ. ಸರ್‌ಗೆ ಹೇಳಿದೆ. ಗುರುವಾರ ಸಹಿ, ಈಗ ಏನೂ ಮುಟ್ಟಬೇಡ ಅಂದರು." ಅಷ್ಟೇ. ಹಾಳೆಯನ್ನೂ ಕೆಂಪು ಬಟ್ಟೆಯ ಪುಸ್ತಕವನ್ನೂ ಒಡೆದ ಚೂರುಗಳನ್ನೂ ಜಗದೇವಿ ಅಕ್ಕೋರ ಹತ್ತಿರ ಒಯ್ದೆ. ನಮ್ಮ ಊರಿನಲ್ಲಿ ಹಳೆಯ ಇಂಗ್ಲಿಷ್ ಓದಬಲ್ಲವರು ಅವರೊಬ್ಬರೇ.

ಮೂರನೆಯ ಸಾಲಿನಲ್ಲಿ ಇದ್ದದ್ದು: ಮಾರಾಟದ ಪ್ರದೇಶದಲ್ಲಿ ಕಾಯಂ ನಿವಾಸಿಗಳು, ಯಾರೂ ಇಲ್ಲ.

ಅದು ಹೇಗೆ ಬಂತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ನಿಮ್ಮ ಬರಹದಿಂದ, ಮೊಹರುಕಟ್ಟೆಯ ಹಳೆಯ ಕಡತದಿಂದ ನಾನು ತಿಳಿದುಕೊಂಡದ್ದನ್ನು ಬರೆಯುತ್ತೇನೆ. ನಿಮ್ಮ ಬ್ಯಾಂಕಿನವರು ಪ್ರತಿ ಮಾರಾಟಕ್ಕೂ ಹೊಸದಾಗಿ ವಿವರಗಳ ಪುಸ್ತಕ ಬರೆಯುವುದಿಲ್ಲ. ಹಿಂದಿನ ಮಾರಾಟದ ಪುಸ್ತಕವನ್ನೇ ತೆಗೆದುಕೊಂಡು, ಹಳೆಯ ಊರಿನ ಹೆಸರು ಇದ್ದಲ್ಲೆಲ್ಲ ಹೊಸ ಊರಿನ ಹೆಸರು ಬರುವಂತೆ ಯಂತ್ರಕ್ಕೆ ಹೇಳುತ್ತಾರೆ. ಸೇಡಗಟ್ಟಿಯ ಮೊದಲು ಮಾರಿದ್ದು ಮರುಭೂಮಿಯ ಒಂದು ತುಂಡು, ಅಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ. ಆ ಸಾಲಿನಲ್ಲಿ ಊರಿನ ಹೆಸರೇ ಇರಲಿಲ್ಲವಾದ್ದರಿಂದ ಯಂತ್ರ ಅದನ್ನು ದಾಟಿ ಮುಂದೆ ಹೋಯಿತು. ಯಾರೂ ನಮ್ಮನ್ನು ಬೇಕೆಂದು ಅಳಿಸಲಿಲ್ಲ. ಮೊದಲು ಇದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು, ಒಂದು ಕೈತಪ್ಪು ಎಂದು. ಆಮೇಲೆ ಅಕ್ಕೋರು ನಿಮ್ಮ ಬರಹದ ಕೊನೆಯ ಮಾತನ್ನು ಮತ್ತೆ ತೋರಿಸಿದರು. ತಪ್ಪು ಎಂದು ಗೊತ್ತಾದ ಮೇಲೂ ಗುರುವಾರ ಬಂತು. ಜನರಿಲ್ಲದ ಊರಿನ ನೀರಿಗೆ ಹೆಚ್ಚು ಬೆಲೆ ಬಂತು.

ಕೆಂಪು ಬಟ್ಟೆಯಲ್ಲಿ ನಾವು ಪೂಜಿಸಿದ ಪುರಾಣ ನಿಮ್ಮ ಬ್ಯಾಂಕಿನ ಇನ್ನೂರು ವರ್ಷದ ಸಂಭ್ರಮದ ಪುಸ್ತಕ. ನೌಕರರಿಗೆಲ್ಲ ಒಂದೊಂದು ಕೊಟ್ಟಿದ್ದರಂತೆ. ನೀವು ಓದಿದ್ದೀರೋ ಇಲ್ಲವೋ. ನಾನು ಪೂರ್ತಿ ಓದಿಸಿಕೊಂಡೆ, ಒಂಬತ್ತು ದಿನ, ನೆರಳುಗಾಲದಲ್ಲಿ, ಶಾಲೆಯ ಕಟ್ಟೆಯ ಮೇಲೆ ಕೂತು. ಮೊದಲ ಅಧ್ಯಾಯದಲ್ಲಿ ಉತ್ತರದ ಯಾವುದೋ ಚಳಿಯ ಬಂದರು. ಪೈಕ್ ಎಂಬವನು ಹಡಗಿನ ಆಳುಗಳಿಗೆ ವಸತಿ ನಡೆಸುತ್ತಿದ್ದ. ಹಡಗು ಹೊರಡುವಾಗ ಆಳುಗಳಿಗೆ ಮುಂಗಡ ಸಂಬಳದ ಚೀಟಿ ಕೊಡುತ್ತಿದ್ದರು, ಹಡಗು ದೀಪಸ್ತಂಭ ದಾಟಿದ ಮೇಲೆಯೇ ಅದಕ್ಕೆ ಹಣ. ಹೆಂಡತಿ ಮಕ್ಕಳಿಗೆ ಅಂದೇ ಹಿಟ್ಟು ಬೇಕಲ್ಲ, ಪೈಕ್ ಆ ಚೀಟಿಗಳನ್ನು ಅರ್ಧ ಬೆಲೆಗೆ ಕೊಳ್ಳುತ್ತಿದ್ದ. ಅದನ್ನು ದಾಟುವ ಮೊದಲೇ ಹಡಗು ಮುಳುಗಿದರೆ ಚೀಟಿ ವ್ಯರ್ಥವೆಂದು ಯಾವ ಹಡಗಿನ ತಳ ಸೋರುತ್ತದೆ ಎಂಬುದನ್ನು ಅವನು ಚೆನ್ನಾಗಿ ಕಲಿತ. ಅವನ ಭಾವಮೈದುನ ವೆಸ್ಟರ್‌ಹೋಮ್ ಬಂದು, ಇಷ್ಟೆಲ್ಲ ಗೊತ್ತಿದ್ದ ಮೇಲೆ ಸೋರುವ ಹಡಗು ಮುಳುಗುತ್ತದೆಂದೇ ಬಾಜಿ ಕಟ್ಟಬಾರದೇಕೆ ಎಂದ. ಹಡಗಿನಲ್ಲಿ ಹೋಗುವವರಿಗೆ ಮಾತ್ರ ಅವರು ಏನೂ ಹೇಳಲಿಲ್ಲ. ಪುಸ್ತಕ ಇದನ್ನು ಸಂಸ್ಥಾಪಕರ ದೂರದೃಷ್ಟಿ ಎಂದು ಕರೆಯುತ್ತದೆ. ಪುಸ್ತಕದ ರಟ್ಟಿನ ಮೇಲೆ ಇಬ್ಬರ ಬಣ್ಣದ ಚಿತ್ರವೂ ಇದೆ. ಕೆಂಪು ಬಟ್ಟೆ ಬದಲಿಸುವಾಗ ಶಿವಲೀಲಾ ಅದಕ್ಕೂ ಒಂದು ಕಾಲದಲ್ಲಿ ಕುಂಕುಮ ಹಚ್ಚಿದ್ದಳು.

ಮುಂದಿನದೂ ಇದೇ ದಾರಿ. ಇಬ್ಬರು ದೊರೆಗಳು ಯುದ್ಧಕ್ಕೆ ನಿಂತಾಗ ಇಬ್ಬರಿಗೂ ಸಾಲ ಎತ್ತಿಕೊಟ್ಟರು. ಇಬ್ಬರೂ ಕೊಟ್ಟ ಪದಕಗಳು ಒಂದೇ ಗಾಜಿನ ಪೆಟ್ಟಿಗೆಯಲ್ಲಿರುವ ಫೋಟೋ ಇದೆ. ರೈಲು ಬಂದಾಗ ರೈಲಿನ ಪಾಲುಪತ್ರ. ಒಂದು ವರ್ಷ ಪೇಟೆ ಕುಸಿದು, ಕಾಗದ ಹಿಡಿದ ವಿಧವೆಯರು ಮುಂಬಾಗಿಲಲ್ಲಿ ಸಾಲು ನಿಂತಿದ್ದ ವಾರ, ಹಿಂಬಾಗಿಲಿನಿಂದ ತಮ್ಮ ಪಾಲನ್ನೆಲ್ಲ ಮಾರಿ ಮುಗಿಸಿದರು. ಸಂಸ್ಥೆ ಬಿರುಗಾಳಿಯಿಂದ ಸುರಕ್ಷಿತವಾಗಿ ಹೊರಬಂತು ಎಂದು ಬರೆದಿದೆ. ಆಮೇಲೆ ಕಂಪನಿಗಳನ್ನು ಕೂಡಿಸುವ ಕೆಲಸ. ಒಬ್ಬನಿಗೆ ಇನ್ನೊಬ್ಬನನ್ನು ಕೊಂಡುಕೋ ಎಂದು ಸಲಹೆ, ಕೊಳ್ಳಲು ಮೂರನೆಯವನಿಂದ ಸಾಲ, ಮೂವರಿಂದಲೂ ಕೂಲಿ; ಹತ್ತು ವರ್ಷದ ಮೇಲೆ ಮತ್ತೆ ಬೇರೆಯಾಗಿರಿ ಎಂದು ಸಲಹೆ, ಅದಕ್ಕೂ ಕೂಲಿ. ನಲವತ್ತು ದೇಶಗಳಲ್ಲಿ ಕಚೇರಿ. ಕೊನೆಯ ಅಧ್ಯಾಯ, ನೈಸರ್ಗಿಕ ಆಸ್ತಿ ವಿಭಾಗ: ಕಾಡು, ಗಾಳಿ, ಒಳನೀರು. ನಮ್ಮ ನೀರನ್ನು ಮಾರಿದ ಮೇಲೆ ಏನು ಮಾಡಿದರು ಎಂಬುದು ಆ ಪುಸ್ತಕದಲ್ಲಿಲ್ಲ, ಮೊಹರುಕಟ್ಟೆಯ ಕಡತದಲ್ಲಿದೆ. ಹಕ್ಕನ್ನು ಸಾವಿರ ತುಂಡು ಮಾಡಿ ಚಳಿದೇಶದ ಮುದುಕರ ಪಿಂಚಣಿ ನಿಧಿಗಳಿಗೆ ಮಾರಿದರು, ಆ ತುಂಡುಗಳು ನಷ್ಟವಾಗುತ್ತವೆ ಎಂದು ತಾವೇ ಬಾಜಿ ಕಟ್ಟಿದರು, ಆ ಬಾಜಿಗೆ ವಿಮೆ ಮಾಡಿ ಆ ವಿಮೆಯನ್ನೂ ಮಾರಿದರು. ಈಗ ಬ್ಯಾಂಕಿನ ಹೆಸರು ಮೂರು ಸಲ ಬದಲಾಗಿದೆ, ಕಟ್ಟಡವೂ ಎಲ್ಲಿಯೂ ಇಲ್ಲ. ಬೈಯೋಣವೆಂದರೆ ಎದುರಿಗೆ ಒಂದು ಮುಖವಿಲ್ಲ.

ಅಕ್ಕೋರು ಓದುತ್ತ ಓದುತ್ತ ಪುಸ್ತಕ ಮುಚ್ಚಿ ಹೇಳಿದರು: "ಒಂದೇ ಎಮ್ಮಿ ನಾಕು ಸಂತ್ಯಾಗ ಮಾರಿ, ಐದನೇ ಸಂತ್ಯಾಗ ಅದರ ಸಗಣಿ ಮಾರ್ಯಾರ ನೋಡೋ ರೇವಣ್ಣ. ಇದನ್ನ ನೀವು ಕೆಂಪು ವಸ್ತ್ರದಾಗ ಕಟ್ಟಿಟ್ಟೀರಿ."

"ಅಕ್ಕೋರೆ, ಓದಾಕ ಬರ್ತಿದ್ದಿಲ್ರಿ ನಮಗ."

"ನನಗ ಬರ್ತಿತ್ತಲ್ಲ. ಮೂವತ್ತು ವರ್ಷ ನಿಮ್ಮನ್ಯಾಗ ಪ್ರಸಾದ ಉಂಡೀನಿ. ಒಂದಿನ ಬಿಚ್ಚಿ ನೋಡ್ಲಿಲ್ಲ," ಎಂದು ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು.

ಆ ನೀಲಿ ಕಲ್ಲು ಏನೆಂಬುದೂ ಪುಸ್ತಕದಲ್ಲೇ ಸಿಕ್ಕಿತು. ಒಂದು ಮಾರಾಟ ಮುಗಿದಾಗ, ಅದರಲ್ಲಿ ಕೆಲಸ ಮಾಡಿದವರಿಗೆಲ್ಲ ಅಂಥದೊಂದು ಪಾರದರ್ಶಕ ತುಂಡು ಮಾಡಿಸಿ ಹಂಚುವುದು ಅವರ ಪದ್ಧತಿ. ಮಾರಿದ್ದರ ಗುರುತಿಗೆ ಒಳಗೆ ಏನಾದರೂ ಇಡುತ್ತಾರೆ: ಎಣ್ಣೆಬಾವಿ ಮಾರಿದ್ದರೆ ಕಪ್ಪು ಹನಿ, ಗಣಿಯಾದರೆ ಅದಿರಿನ ಚೂರು. ಪ್ರಧಾನ ಕಚೇರಿಯಲ್ಲಿ ಇಂಥ ಸಾವಿರಾರು ತುಂಡುಗಳ ಒಂದು ಗೋಡೆಯೇ ಇದೆ. ಅವನ್ನು ತಮ್ಮೊಳಗೆ ತಮಾಷೆಗೆ ಗೋರಿಕಲ್ಲು ಎಂದು ಕರೆಯುತ್ತಾರೆ ಎಂದು ಪುಸ್ತಕವೇ ಹೇಳುತ್ತದೆ. ನಮ್ಮ ಚೂರುಗಳನ್ನು ಜೋಡಿಸಿದಾಗ ಮೇಲೆ ಬ್ಯಾಂಕಿನ ಹೆಸರು, ನಡುವೆ ಬೆಲೆ, ಎಲ್ಲಕ್ಕಿಂತ ಕೆಳಗೆ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಏಳು ಹೆಸರು, ಕೊನೆಯದು ನಿಮ್ಮದು.

ಆಯಿ, ಕಳ್ಳರನ್ನು ನಾನು ಕಂಡಿದ್ದೇನೆ. ನಮ್ಮ ಗಣಿಯಲ್ಲೂ ನೀರು ಕದಿಯುತ್ತಾರೆ. ಕಳ್ಳನಿಗೆ ಮನೆಯಲ್ಲಿ ಜನ ಇದ್ದಾರೆ ಎಂದು ಗೊತ್ತಿರುತ್ತದೆ, ಅವರಿಗೆ ಎಚ್ಚರವಾಗದಂತೆ ಕಾಲಿಡುತ್ತಾನೆ. ಇವರು ಮನೆಯೊಳಗೆ ಬಂದು, ಇಲ್ಲಿ ಯಾರೂ ಇಲ್ಲ ಎಂದು ಬರೆದು, ಬೆಲೆ ಏರಿಸಿ, ಸಹಿ ಮಾಡಿ, ಕೇಕು ಕತ್ತರಿಸಿದರು. ಆಮೇಲೆ ಒಂದು ಬಾಟಲಿ ನಮ್ಮ ನೀರನ್ನಾದರೂ ತುಂಬಿಸಿಕೊಂಡು ಹೋಗಬಹುದಿತ್ತು. ಅದಕ್ಕೂ ಬೇಸರಪಟ್ಟು ಅಂಗಡಿಯ ಎಣ್ಣೆ ಹಾಕಿಸಿದರು. ನನಗೆ ಸಿಟ್ಟು ಬರುವುದಿಲ್ಲ, ಸಿಟ್ಟಿಗೆ ಶಕ್ತಿ ಬೇಕು. ನನಗೆ ಬರುವುದು ಹೇಸಿಗೆ. ಊಟಕ್ಕೆ ಕೂತಾಗ ಬರುತ್ತದೆ. ಆ ತುಂಡಿಗೆ ಹೂ ಏರಿಸಿದ ನನ್ನ ಕೈಯ ಮೇಲೂ ಬರುತ್ತದೆ. ಮುಚ್ಚಿಡುವುದೇಕೆ, ನಿಮ್ಮ ಮೇಲೂ ಬಂದಿತ್ತು. ಗೊತ್ತಿದ್ದೂ ನೀವು ಅದನ್ನು ತೆಗೆದುಕೊಂಡಿರಿ. ಬಹಳ ತಿಂಗಳು ಅದನ್ನೇ ಯೋಚಿಸಿದೆ. ಆಮೇಲೆ, ಆ ಹಾಳೆಯನ್ನು ನೀವು ಹರಿದು ಎಸೆಯಲಿಲ್ಲವಲ್ಲ, ಅದರ ಕೆಳಗೇ ಮಡಿಸಿಟ್ಟಿರಲ್ಲ, ಅದನ್ನೂ ಯೋಚಿಸಿದೆ.

ಬಸಂತರಾಯನಿಗೆ ಹಾಳೆ ತೋರಿಸಿ ತಿದ್ದಲು ಬರುತ್ತದೆಯೇ ಎಂದು ಕೇಳಿದೆ. ಅವನು ದೊಡ್ಡವರನ್ನೆಲ್ಲ ಕೇಳಿಕೊಂಡು ಬಂದ. ಸಹಿಯಾದ ಮೇಲೆ ತಿದ್ದಲು ಅರ್ಜಿ ಹಾಕಬೇಕಾದವರು ಆ ಪ್ರದೇಶದ ನಿವಾಸಿಗಳು. ನಿವಾಸಿಗಳು ಇಲ್ಲ. ಸಹಿಗೆ ಮೊದಲಾದರೆ ಮಾರಾಟದ ಪುಸ್ತಕ ತಯಾರಿಸಿದವರಲ್ಲಿ ಯಾರು ತಿದ್ದಿದರೂ ನಡೆಯುತ್ತಿತ್ತಂತೆ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಆ ಸಂಜೆ ಮನೆಗೆ ಬಂದು ಹಿಂದಂಚೆಯ ವಿಷಯ ಎತ್ತಿದೆ. ಶಿವಲೀಲಾ ಹಿಟ್ಟು ನಾದುತ್ತಿದ್ದಳು.

"ಆಯಿ ಅದನ್ನ ತಿದ್ದಿದ್ಲು ಅಂತ ತಿಳ್ಕೊ. ಆಗ ನೀಲು ಹುಟ್ತಾಳೇನು?" ಎಂದಳು.

"ಗೊತ್ತಿಲ್ಲ."

"ನಾ ನಿನಗ ಸಿಗ್ತೀನೇನು?"

"ಅದೂ ಗೊತ್ತಿಲ್ಲ. ನಾನೇ ಇರ್ತೀನೋ ಇಲ್ಲೋ."

ಬಹಳ ಹೊತ್ತು ನಾದಿದಳು. ಹಿಟ್ಟು ಹದಕ್ಕೆ ಬಂದು ಆಗಲೇ ಎಷ್ಟೋ ಹೊತ್ತಾಗಿತ್ತು. "ಬರಿ ಹಂಗಾದ್ರ," ಎಂದಳು. "ಯಾರ ಹೊಟ್ಟಿಲೆ ಹುಟ್ಟಿದ್ದರೇನು, ಈ ಊರಾಗ ಒಂದು ಕೂಸು ನೀರು ಬೇಡಿದ್ರ ನೀರು ಸಿಗಲಿ."

ಅದಕ್ಕೇ ಬರೆಯುತ್ತಿದ್ದೇನೆ. ನಾನು ನಿಮಗೆ ನೌಕರಿ ಬಿಡಿ ಎನ್ನುವುದಿಲ್ಲ, ಮಾರಾಟ ನಿಲ್ಲಿಸಿ ಎನ್ನುವುದಿಲ್ಲ. ಅದು ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ನಲವತ್ತೊಂದನೆಯ ಪುಟ, ಮೂರನೆಯ ಸಾಲು ನಿಮ್ಮ ಕೈಯಲ್ಲಿದೆ. ಇನ್ನೊಂದು ಸಲ ಸರ್‌ಗೆ ಕೇಳಬೇಡಿ. ಅವರು ಹೇಳುವುದು ಈಗ ನಿಮಗೆ ಗೊತ್ತಿದೆ. ಊರಿನಲ್ಲಿ ಎಷ್ಟು ಜನ ಎಂದು ಹುಡುಕಲು ಸಮಯವಿಲ್ಲದಿದ್ದರೆ ಒಂದು ಎಂದು ಬರೆಯಿರಿ. ಕಾನೂನಿಗೆ ಒಬ್ಬರು ಸಾಕು. ಮುಗಿದ ಮೇಲೆ ನೀಲಿ ಕಲ್ಲು ಹಂಚಲು ಬಂದರೆ ಕೈ ಚಾಚಬೇಡಿ, ಅದನ್ನು ಊರಿಗೆ ತರಬೇಡಿ.

ಯಾರ ಹೆಸರು ಬರೆಯಲಿ ಎಂದು ಅನುಮಾನ ಬಂದರೆ ಒಂದು ಮಾತು. ನಮ್ಮ ಮನೆಯಲ್ಲಿ ನಿಮ್ಮ ತಾಯಿ ಕಾಶಮ್ಮನವರ ನೆನಪು ಇನ್ನೂ ಇದೆ. ಸೇಡಗಟ್ಟಿಯ ಬಸ್ ನಿಲ್ದಾಣದ ಎದುರು ಗಣಿಯ ಕೂಲಿಗಳಿಗೆ ಖಾನಾವಳಿ ನಡೆಸುತ್ತಿದ್ದರು, ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತಿದ್ದರು, ನೀರು ಕೇಳಿದವರಿಗೆ ಮೊದಲು ಬೆಲ್ಲ ಕೊಟ್ಟು ಆಮೇಲೆ ನೀರು ಕೊಡುತ್ತಿದ್ದರು ಎಂದು ನಮ್ಮಪ್ಪ ಹೇಳುತ್ತಿದ್ದ. ನಿಮ್ಮ ಕಾಲದಲ್ಲಿ ದೂರದವರ ಜೊತೆ ಮಾತಾಡಲು ಫೋನ್ ಇದೆಯಂತೆ. ಗುರುವಾರದ ಮೊದಲು ಅವರ ನಂಬರಿಗೆ ಒಂದು ಸಲ ಹಚ್ಚಿ. ಊಟವಾಯಿತೇ, ಬಾವಿಯಲ್ಲಿ ನೀರು ಎಷ್ಟಿದೆ, ಏನಾದರೂ ಕೇಳಿ. ಅವರು ಎತ್ತಿ ಮಾತಾಡಿದರೆ ಆ ಊರಿನಲ್ಲಿ ಒಬ್ಬರಿದ್ದಾರೆ. ಅಷ್ಟನ್ನು ಬರೆಯಿರಿ.

ನಿಮ್ಮ,
ರೇವಣಪ್ಪ